ದೂಮಣ್ಣನ ರಾಕ್ಷಸ ಗಾಡಿಯೂ ನಾಲ್ಕು ಗುಜರಿ ಕಾರುಗಳೂ

ದೂಮಪ್ಪ ಎಂಬವರ ಬಗ್ಗೆ ನಾನು ಒಳ್ಳೆಯ ಮಾತು ಬರೆಯಲು ಕುಳಿತಿದ್ದೇನೆಂದು ತಿಳಿದರೆ ನನ್ನ ಹೆಂಡತಿ ಕ್ಯಾರೆನ್ ಮೊದಲು ನನ್ನ ಹಣೆ ಮುಟ್ಟಿ ಜ್ವರ ಉಂಟೋ ಎಂದು ನೋಡಿಯಾಳು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಮಂಗಳವಾರ ಸಂಜೆ ನಾನು ಆ ಮನುಷ್ಯನನ್ನು ಬೈದುಕೊಂಡೇ ಮನೆಯೊಳಗೆ ಕಾಲಿಟ್ಟವನು.

ನಾನು ಟೆರೆನ್ಸ್. ಊರು ಉಡುಪಿ ಕಡೆಯ ಶಿರ್ವ. ಮಸ್ಕತ್ತಿನ ಬೌಷರ್‌ನಲ್ಲಿರುವ ಒಂದು ವಿಮಾ ಕಂಪನಿಯಲ್ಲಿ ಸರ್ವೆಯರ್. ಅಪಘಾತವಾದ ಗಾಡಿಗೆ ಒಂದು ಸುತ್ತು ಬಂದು, ಇದು ರಿಪೇರಿಯಾಗುತ್ತದೆ, ಇದು ಗುಜರಿಗೆ ಹೋಗಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ಮಂಗಳವಾರ ನನ್ನ ಪಾಲಿಗೆ ಇಬ್ರಾ ಎಂಬ ಊರು. ಅಲ್ಲಿಯ ಸನಾಯಾದಲ್ಲಿ, ಅಂದರೆ ಬರೀ ಗ್ಯಾರೇಜುಗಳೇ ತುಂಬಿದ ಪ್ರದೇಶದಲ್ಲಿ, ಖಲ್ಫಾನ್ ಎಂಬ ಒಮಾನಿಯ ಗ್ಯಾರೇಜಿದೆ. ಅಲ್ಲಿ ಮೂವತ್ತು ವರ್ಷಗಳಿಂದ, ಜಜ್ಜಿದ ತಗಡನ್ನು ನೇರ ಮಾಡುವ ಡೆಂಟರ್ ಆಗಿರುವವರು ನಮ್ಮ ದೂಮಣ್ಣ.

ಮೂಲ್ಕಿಯವರು. ಎತ್ತರ ಐದಡಿ ಎರಡಿಂಚು. ಗಲ್ಫಿಗೆ ಬರುವ ಮೊದಲು ಮಂಗಳೂರಿನಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿದ್ದರು. ಗುದ್ದಿಸಿಕೊಂಡು ಬಂದ ಕಾರನ್ನು ಅವರು ಕಣ್ಣಿನಿಂದ ನೋಡುವುದಿಲ್ಲ. ಕಣ್ಣು ಮುಚ್ಚಿ ಅಂಗೈಯಿಂದ ಸವರುತ್ತಾರೆ. ನಾನು ಫೈಲು ತೆರೆದು 'ಟೋಟಲ್ ಲಾಸ್' ಎಂದು ಬರೆಯಲು ಹೊರಟರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಾರೆ.

"ಎಂತ ಪೊರ್ಬುಲೇ, ಇದಕ್ಕೆ ಎಂತ ಆಗಿದೆ? ಸ್ವಲ್ಪ ನೆಗಡಿ ಆಗಿದೆ ಅಷ್ಟೆ. ಎರಡು ದಿನ ಬಿಡಿ ನನ್ನ ಹತ್ರ."

ತುಳುವರು ನಮ್ಮ ಕ್ರಿಸ್ತುವರನ್ನು ಗೌರವದಿಂದ ಕರೆಯುವುದು ಪೊರ್ಬುಲು ಎಂದು. ದೂಮಣ್ಣ ಕರೆಯುವಾಗ ಅದರಲ್ಲಿ ಗೌರವ ಎಷ್ಟು, ಕೆಣಕು ಎಷ್ಟು ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ. ಎಂಜಿನ್ ಹಿಂದಿನ ಸೀಟಿಗೆ ಬಂದು ಕೂತಿರುವ ಕಾರಿಗೂ ಅವರ ಲೆಕ್ಕದಲ್ಲಿ ನೆಗಡಿ. ಒಪ್ಪದಿದ್ದರೆ ಮಧ್ಯಾಹ್ನದವರೆಗೆ ವಾದ. ಒಪ್ಪಿದರೆ ಎರಡು ವಾರದ ಮೇಲೆ ಆ ಕಾರು ಶೋರೂಮಿನಿಂದ ಇಳಿದಂತೆ ನಿಂತಿರುತ್ತದೆ, ನಾನು ಮುಖ ಗಂಟಿಕ್ಕಿಕೊಂಡು ಸಹಿ ಹಾಕುತ್ತೇನೆ. ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳಿದವನಲ್ಲ. ಸರ್ವೆಯರ್ ಒಮ್ಮೆ ಹೊಗಳಿದರೆ ಗ್ಯಾರೇಜಿನವರು ತಲೆಯ ಮೇಲೆ ಹತ್ತಿ ಕೂರುತ್ತಾರೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು.

ಈಗ ಗಾಡಿಯ ವಿಷಯ. ಅದಕ್ಕೂ ಕಾರಣ ಒಂದು ಒಂಟೆ ಮತ್ತು ನಾನು. ಐದು ವರ್ಷದ ಕೆಳಗೆ ಮರುಭೂಮಿಯ ದಾರಿಯಲ್ಲಿ ಒಂದು ಹಳೆಯ ಪಿಕಪ್ಪಿಗೆ ಒಂಟೆ ಅಡ್ಡ ಬಂತು. ಒಂಟೆಗೆ ಗುದ್ದಿದರೆ ಕಾಲು ಬಂಪರಿಗೆ, ಮೈಯೆಲ್ಲ ಛಾವಣಿಯ ಮೇಲೆ. ಡ್ರೈವರು ಬದುಕಿದ್ದೇ ದೊಡ್ಡದು. ಪಿಕಪ್ಪಿನ ಮಂಡೆ ಪೂರ್ತಿ ಒಳಗೆ ಹೋಗಿತ್ತು. ನಾನು ಮೂರು ನಿಮಿಷದಲ್ಲಿ ಟೋಟಲ್ ಲಾಸ್ ಬರೆದೆ. ದೂಮಣ್ಣ ಯಥಾಪ್ರಕಾರ ನೆಗಡಿ ಎಂದರು. ಆ ದಿನ ನನಗೆ ಹಸಿವಾಗಿತ್ತು, ಬಗ್ಗಲಿಲ್ಲ. ಗುಜರಿಯಾಗಿ ಗ್ಯಾರೇಜಿನಲ್ಲೇ ಉಳಿದ ಆ ಪಿಕಪ್ಪನ್ನು ಅವರು ಖಲ್ಫಾನನ ಹತ್ತಿರ ಬೇಡಿ ಇಸಿದುಕೊಂಡರು.

"ಅರೇ ದೂಮಾ, ಕ್ಯಾ ಕರೇಗಾ ಇಸ್ಕಾ?" ಎಂದು ಖಲ್ಫಾನ್ ಕೇಳಿದನಂತೆ. ಅವನಿಗೆ ಹಿಂದಿ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ.

ಏನು ಮಾಡುತ್ತೇನೆಂದು ದೂಮಣ್ಣನಿಗೂ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಮುಂದಿನ ತಿಂಗಳು. ಹೆಂಡತಿ ಲೋಲಾಕ್ಷಿ, ಮಗಳು ಪ್ರಣೀತಾ ಜೊತೆ ಬೌಷರ್‌ನ ಮಾಲಿಗೆ ಬಂದಿದ್ದರು. ಅಲ್ಲಿ ಟೀವಿ ಅಂಗಡಿಯ ಗೋಡೆ ತುಂಬ ಇದ್ದ ಟೀವಿಗಳಲ್ಲೆಲ್ಲ ಒಂದೇ ದೃಶ್ಯ: ಆಳೆತ್ತರದ ಚಕ್ರಗಳ ಮೇಲೆ ಕೂರಿಸಿದ ಪಿಕಪ್ಪೊಂದು ಸಾಲಾಗಿ ನಿಲ್ಲಿಸಿದ ಹಳೆಯ ಕಾರುಗಳ ಮೇಲೆ ಹತ್ತಿ, ಅವನ್ನು ಹಪ್ಪಳ ಮಾಡಿ ಇಳಿಯುತ್ತಿದೆ, ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ. ಮಾನ್‌ಸ್ಟರ್ ಟ್ರಕ್. ಜಗತ್ತಿನಲ್ಲಿ ಅದಕ್ಕೆ ಬೇರೆ ಕೆಲಸವೇ ಇಲ್ಲ. ಲೋಲಾಕ್ಷಿ ಸಾಮಾನೆಲ್ಲ ಕೊಂಡು ವಾಪಸು ಬಂದಾಗಲೂ ದೂಮಣ್ಣ ಅಲ್ಲೇ, ಅದೇ ಭಂಗಿಯಲ್ಲಿ ನಿಂತಿದ್ದರಂತೆ.

ಆಮೇಲೆ ನಾಲ್ಕು ವರ್ಷ, ಪ್ರತಿ ಶುಕ್ರವಾರ, ಅದೇ ಕೆಲಸ. ಒಂಟೆ ಕೂತ ಛಾವಣಿಯನ್ನು ಎತ್ತಿ ನಿಲ್ಲಿಸಿದರು. ಹಳೆಯ ನೀರಿನ ಟ್ಯಾಂಕರಿನ ಎಂಜಿನ್ನು, ಆಕ್ಸಲ್ಲು ಬಂತು. ಚಕ್ರಗಳು ಸೊಹಾರ್‌ನಿಂದ. ಅಲ್ಲಿ ಉಕ್ಕಿನ ಕಾರ್ಖಾನೆಯಲ್ಲಿರುವ ಆಸ್ವಾಲ್ಡ್ ಎಂಬ ನನ್ನ ಗೆಳೆಯ, ಲೋಡರಿಗೆ ಹಾಕಿ ಸವೆದ ನಾಲ್ಕು ಟಯರು ಕೊಡಿಸಿದ. ಒಂದೊಂದು ಟಯರಿಗೆ ಒಂದೊಂದು ಟ್ರಿಪ್ಪು. ದಾರಿಯಲ್ಲಿ ಪೊಲೀಸರು ನಿಲ್ಲಿಸಿ ಇದು ಯಾತಕ್ಕೆ ಎಂದರೆ ದೂಮಣ್ಣ, ಒಂಟೆಗೆ ನೀರು ಕುಡಿಸುವ ತೊಟ್ಟಿ ಮಾಡಲು ಎನ್ನುತ್ತಿದ್ದರು. ಇಲ್ಲಿಯ ತೋಟಗಳಲ್ಲಿ ಹಾಗೆ ಮಾಡುವುದುಂಟು, ಆದ್ದರಿಂದ ಪೊಲೀಸರು ನಂಬುತ್ತಿದ್ದರು. ನಾಲ್ಕನೆಯ ಸಲ ಮಾತ್ರ ಅದೇ ಪೊಲೀಸ್, ನಿನಗೆ ಒಂಟೆ ಎಷ್ಟುಂಟು ಮಾರಾಯ ಎಂದು ಕೇಳಿದನಂತೆ.

ಗಾಡಿ ಎದ್ದು ನಿಂತಿತು. ಆದರೆ ಕಟ್ಟಿದವರು ಬಸ್ ಬಾಡಿಯವರು, ಕೈ ಸುಮ್ಮನಿರಬೇಕಲ್ಲ. ಹಣೆಯ ಮೇಲೆ ನಮ್ಮೂರ ಬಸ್ಸಿಗಿರುವಂತೆ ದೊಡ್ಡ ಬೋರ್ಡು ಬಂತು, ಕನ್ನಡದಲ್ಲಿ, ಕೆಂಪಿಗೆ ಹಳದಿ ನೆರಳು ಕೊಟ್ಟು, 'ಪ್ರಣೀತಾ' ಎಂದು. ಬದಿಯಲ್ಲಿ ಹಿಡಿದು ನಿಲ್ಲಲು ಹಿಡಿಕೆಗಳು. ಒಳಗೆ ಕಂಡಕ್ಟರ್ ಎಳೆಯುವ ಹಗ್ಗ, ಹಗ್ಗದ ತುದಿಗೆ ಗಂಟೆ. ಒಬ್ಬನೇ ಕೂರುವ ಗಾಡಿಯಲ್ಲಿ ಗಂಟೆ ಯಾರಿಗೆ ಹೊಡೆಯುವುದೆಂದು ಕೇಳಿದೆ. "ಇರ್ಲಿ ಪೊರ್ಬುಲೇ, ಗಂಟೆ ಇಲ್ಲದ ಗಾಡಿ ಗಾಡಿಯಾ?" ಎಂದರು.

ಹನ್ನೊಂದನೆಯ ಕ್ಲಾಸಿನ ಪ್ರಣೀತಾ ಬೋರ್ಡು ನೋಡಿದ ದಿನ ಊಟ ಬಿಟ್ಟಳು. "ಪಪ್ಪಾ, ಪ್ಲೀಸ್! ಮೈ ನೇಮ್? ಆನ್ ದ್ಯಾಟ್ ಥಿಂಗ್?" ಎಂದು ಅವಳು ಅಳುತ್ತಿದ್ದರೆ, ಮಗಳಿಗೆ ಸಂತೋಷಕ್ಕೆ ಕಣ್ಣೀರು ಬಂದಿದೆಯೆಂದು ದೂಮಣ್ಣ ತಿಳಿದುಕೊಂಡರು. ಬೋರ್ಡಿಗೆ ಇನ್ನೊಂದು ಕೋಟು ಪೇಂಟು ಬಿತ್ತು.

ಒಮಾನಿನಲ್ಲೇ ಇದು ಮೊದಲ ಮಾನ್‌ಸ್ಟರ್ ಟ್ರಕ್ಕು ಎನ್ನುತ್ತಿದ್ದರು ದೂಮಣ್ಣ. ನಾನು ದಾಖಲೆಯಿಲ್ಲದೆ ಏನನ್ನೂ ಒಪ್ಪುವವನಲ್ಲ. ಆದರೆ ಇಬ್ರಾದ ಸನಾಯಾದಲ್ಲಿ ಮೊದಲನೆಯದು ಎಂಬುದಕ್ಕೆ ಎದುರು ಮಾತಿಲ್ಲ. ರಸ್ತೆಗೆ ಇಳಿಸುವಂತಿಲ್ಲ, ಲೈಸೆನ್ಸ್ ಸಿಗುವುದಿಲ್ಲ. ಗ್ಯಾರೇಜಿನ ಹಿತ್ತಿಲ ಮೂಲೆಯಲ್ಲಿ ಹತ್ತಡಿ ಮುಂದೆ, ಹತ್ತಡಿ ಹಿಂದೆ, ಅಷ್ಟೇ ಅದರ ಸಂಚಾರ.

ಕಳೆದ ವರ್ಷ ಖಲ್ಫಾನನಿಗೆ ಪೇಂಟು ಒಣಗಿಸುವ ಓವನ್ ಹಾಕಲು ಅದೇ ಮೂಲೆ ಬೇಕಾಯಿತು. ಮನುಷ್ಯ ಒಳ್ಳೆಯವನೇ, ನಾಲ್ಕು ವರ್ಷ ಸಹಿಸಿದ್ದಾನೆ. ಸೆಪ್ಟೆಂಬರಿನ ಒಂದು ಮಂಗಳವಾರ ನನ್ನೆದುರಿಗೇ ತೀರ್ಮಾನ ಹೇಳಿದ. ನವೆಂಬರಿನ ರಾಷ್ಟ್ರೀಯ ದಿನಕ್ಕೆ ಊರ ಹೊರಗಿನ ಮೈದಾನದಲ್ಲಿ ಹುಡುಗರು ಗಾಡಿಗಳ ಆಟ ಇಟ್ಟುಕೊಳ್ಳುತ್ತಾರೆ. ಅಲ್ಲಿ ಪರ್ಮಿಷನ್ ತೆಗೆದುಕೊಡುತ್ತೇನೆ, ನಾಲ್ಕು ಗುಜರಿ ಕಾರೂ ಕೊಡುತ್ತೇನೆ. ಎಲ್ಲರೆದುರು ಹತ್ತಿಸಿ ಪುಡಿ ಮಾಡು. ಜನ ಮೆಚ್ಚಿದರೆ ಗಾಡಿಗೆ ಬೇರೆ ಜಾಗ ಕೊಡುತ್ತೇನೆ. ಇಲ್ಲದಿದ್ದರೆ ಗ್ಯಾಸ್ ಕಟರ್.

"ತುಕಡಾ ತುಕಡಾ, ದೂಮಾ. ಖಲಾಸ್," ಎಂದು ಎರಡೂ ಅಂಗೈ ಒಂದಕ್ಕೊಂದು ಕೊಡವಿದ.

ಗ್ಯಾರೇಜಿನಲ್ಲಿ ಗ್ಯಾಸ್ ಕಟರ್ ಹಿಡಿಯುವ ಕೈ ಒಂದೇ, ಅದು ದೂಮಣ್ಣನದು. ತಾನು ಕಟ್ಟಿದ್ದನ್ನು ತಾನೇ ಕತ್ತರಿಸಬೇಕು. ಆ ಸಂಜೆ ಅವರ ಮನೆಯಲ್ಲಿ ಚಹಾ ಕುಡಿಯುತ್ತ ನಾನು, ಹೋಗಲಿ ಬಿಡಿ, ಐವತ್ತೆಂಟಾಯಿತು, ಇನ್ನು ಈ ಮಕ್ಕಳಾಟಿಕೆ ಯಾಕೆ ಎಂದೆ. ದೂಮಣ್ಣ ಎದ್ದು ಒಳಗೆ ಹೋದರು. ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಲೋಲಾಕ್ಷಕ್ಕ, ಚುಚ್ಚುವುದಕ್ಕೆ ಹೆದರುವವರಲ್ಲ, ನೇರವಾಗಿ ಚುಚ್ಚಿದರು.

"ನಿಮ್ಗೆ ಗೊತ್ತಾಗುದಿಲ್ಲ ಅಣ್ಣ. ಇವರ ಕೆಲ್ಸ ಎಂತ ಹೇಳಿ? ಒಳ್ಳೇದಾದ್ರೆ ಯಾರಿಗೂ ಕಾಣ್ಬಾರ್ದು. ಎಲ್ಲಿ ಗುದ್ದಿದ್ದು ಅಂತ ಗೊತ್ತಾದ್ರೆ ಅದು ಹಾಳು ಕೆಲ್ಸ. ಮೂವತ್ತು ವರ್ಷ ಆಯ್ತು, ಒಬ್ರು ಸಹ ಇದು ದೂಮಪ್ಪ ಮಾಡಿದ್ದು ಅಂತ ಹೇಳಿದ್ದಿಲ್ಲ. ನೀವು ಹೇಳಿದ್ದೀರಾ? ಒಂದು ಸಲ ಜನ ನೋಡ್ಲಿ, ಒಂದು ಸಲ ಕೈ ತಟ್ಲಿ ಅಂತ ಆಸೆ ಅವರಿಗೆ. ಅಷ್ಟೇ."

ನಾಚಿಕೆಯಾಯಿತೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಗುಜರಿ ಕಾರುಗಳು ಎರಡು ವಾರ ಮೊದಲೇ ಬಂದು ಬಿದ್ದವು. ಖಲ್ಫಾನ್ ಅವನ್ನು ಇಳಿಸಿ ಯಾರದೋ ಮದುವೆಗೆಂದು ಸಲಾಲಾಕ್ಕೆ ಹೋದ. ಮುಂದಿನ ಮಂಗಳವಾರ ನಾನು ಹೋದಾಗ ಒಂದು ಕಾರಿನ ಬಾಗಿಲು ನೇರವಾಗಿತ್ತು. ಮುಚ್ಚುತ್ತಿರಲಿಲ್ಲ, ಗಾಳಿಗೆ ಬಡಿದುಕೊಳ್ಳುತ್ತಿತ್ತು, ಅದಕ್ಕೇ ಎಂದರು ದೂಮಣ್ಣ. ಅದರ ಮುಂದಿನ ಮಂಗಳವಾರ ಹೋದರೆ ನಾಲ್ಕೂ ಕಾರುಗಳು ಪ್ರೈಮರ್ ಬಳಿದುಕೊಂಡು ಸಾಲಾಗಿ ನಿಂತಿವೆ! ಕೆಂಪು ಪೇಂಟಿನ ಡಬ್ಬಿ ತೆರೆದಿದೆ! ನನಗೆ ಪಿತ್ತ ನೆತ್ತಿಗೇರಿತು.

"ದೂಮಣ್ಣ, ನಿಮಗೆ ತಲೆ ಸಮ ಉಂಟಾ? ಶುಕ್ರವಾರ ಜಜ್ಜುವ ಕಾರು ಇದು!"

"ಹೌದಲ್ವಾ. ಅದಕ್ಕೇ ಅರ್ಜೆಂಟು."

"ಜಜ್ಜುವುದಕ್ಕೆ ಪೇಂಟಾ?"

ಅವರು ನನ್ನನ್ನು ಪಾಪದವನನ್ನು ನೋಡುವಂತೆ ನೋಡಿದರು. "ಎಂತ ಮಾತಾಡ್ತೀರಿ ಪೊರ್ಬುಲೇ? ಅಲ್ಲಿ ಎರಡು ಸಾವಿರ ಜನ ಬರ್ತಾರೆ. ಇದು ಯಾವ ಗ್ಯಾರೇಜಿಂದ ಬಂದದ್ದು ಅಂತ ಕೇಳುದಿಲ್ವಾ? ಮದುಮಗಳು ಹೇಗೂ ಅಳ್ತಾಳೆ ಅಂತ ಹೂ ಮುಡಿಸದೆ ಕಳಿಸ್ತಾರಾ?"

"ಆ ಛಾವಣಿ ಎಲ್ಲ ಕುಸಿದಿತ್ತಲ್ಲ, ಅದೆಂತ ಮಾಡಿದಿರಿ?"

"ಕಂಬ ಎಲ್ಲ ತುಕ್ಕು ಹಿಡಿದಿತ್ತು. ಒಳಗೆ ಕಬ್ಬಿಣದ ಪೈಪ್ ಕೊಟ್ಟು ವೆಲ್ಡ್ ಮಾಡಿದೆ, ಬಸ್ಸಿಗೆ ಕೊಟ್ಟ ಹಾಗೆ. ಕಂಬ ಗಟ್ಟಿ ಇಲ್ಲದ ಬಾಡಿಗೆ ಪುಟ್ಟಿ ಹಾಕ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ."

ಈ ಮಾತನ್ನು ಕೇಳಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವದ ಸರ್ವೆಯರ್ ಎಂದು ಕಾರ್ಡು ಬೇರೆ ಹಂಚುತ್ತೇನೆ. ಬೈದುಕೊಂಡೇ ಬೌಷರ್‌ಗೆ ವಾಪಸಾದೆ.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಮೈದಾನ ತುಂಬಿತ್ತು. ಖಹ್ವಾ ಎಂಬ ಅರಬಿ ಕಾಫಿಯ ಫ್ಲಾಸ್ಕು, ಖರ್ಜೂರದ ಡಬ್ಬಿ ಹಿಡಿದುಕೊಂಡು ಸಂಸಾರ ಸಮೇತ ಜನ ಬಂದಿದ್ದರು. 'ಪ್ರಣೀತಾ' ಟ್ರೈಲರಿನಿಂದ ಇಳಿಯಿತು. ಇಸ್ತ್ರಿ ಹಾಕಿದ ಬಿಳಿ ಶರ್ಟಿನ ದೂಮಣ್ಣ ನಾಲ್ಕು ಚಕ್ರಗಳಡಿಗೆ ನಾಲ್ಕು ಲಿಂಬೆಹಣ್ಣು ಇಟ್ಟರು. ಲೋಲಾಕ್ಷಕ್ಕನ ಒತ್ತಾಯಕ್ಕೆ ನಾನೂ ನಮ್ಮ ಇಗರ್ಜಿಯ ಪವಿತ್ರ ನೀರು ಚಿಮುಕಿಸಿದೆ. ಎಷ್ಟು ಎಗರಿಸಿದರೂ ಅದು ಬಂಪರಿಗಿಂತ ಮೇಲೆ ತಲುಪಲಿಲ್ಲ. ದೂಮಣ್ಣ ಚಾಸಿಸಿಗೆ ಬೆಸೆದ ಮೆಟ್ಟಿಲು ಹತ್ತಿ, ಎಂಟಡಿ ಮೇಲೆ ಸೀಟಿನಲ್ಲಿ ಎರಡು ದಿಂಬು ಇಟ್ಟುಕೊಂಡು ಕುಳಿತರು. ಆಗ ಮಾತ್ರ ಅವರ ಮುಖ ಹೊರಗಿನಿಂದ ಕಾಣಿಸಿತು.

ಕಾರುಗಳ ಮೇಲೆ ಟರ್ಪಾಲು ಹೊದಿಸಿತ್ತು, ಹೊಸ ಪೇಂಟಿಗೆ ಧೂಳು ಕೂರಬಾರದಲ್ಲ. ಟರ್ಪಾಲು ಎಳೆದರು. ಒಂದು ಕೆಂಪು, ಎರಡು ಬಿಳಿ, ಒಂದು ಪಿಸ್ತಾ ಬಣ್ಣ. ಬಿಸಿಲಿಗೆ ಕಣ್ಣು ಕೋರೈಸುವಂತೆ ಹೊಳೆದವು. ಗಾಜು ಮಾತ್ರ ಇರಲಿಲ್ಲ, ಚೂರು ಸಿಡಿಯಬಾರದೆಂದು ಮೈದಾನದವರು ತೆಗೆಸಿದ್ದರು. ಅದಕ್ಕೆ ದೂಮಣ್ಣ ಬೆಳಗ್ಗಿನಿಂದ ಮುಖ ಸಿಂಡರಿಸಿಕೊಂಡಿದ್ದರು. ಇವು ಲಕ್ಕಿ ಡ್ರಾದ ಬಹುಮಾನಗಳೆಂದು ಅನೌನ್ಸರ್ ಮೈಕಿನಲ್ಲಿ ಸಾರಿಯೇಬಿಟ್ಟ. ಹಿಂದಿನ ದಿನವಷ್ಟೇ ಸಲಾಲಾದಿಂದ ಬಂದಿದ್ದ ಖಲ್ಫಾನ್ ತಲೆಗೆ ಕೈ ಹೊತ್ತು ಓಡಿಹೋಗಿ ತಿದ್ದಿಸಿದ.

ಎಂಜಿನ್ ಗುಡುಗಿತು. ಕಪ್ಪು ಹೊಗೆ ಎದ್ದಿತು. ಗಾಡಿ ಮುಂದೆ ಬಂದು ಕೆಂಪು ಕಾರಿನ ಬಾನೆಟ್ಟಿಗೆ ಮುಂಗಾಲಿಟ್ಟು ಛಾವಣಿಗೆ ಏರಿತು. ಜಜ್ಜಿದ ಗಾಡಿಗಳನ್ನು ನಾನು ಸಾವಿರ ನೋಡಿದ್ದೇನೆ, ಜಜ್ಜುವ ಸದ್ದು ಕೇಳಿದವನಲ್ಲ. ಉಸಿರು ಬಿಗಿಹಿಡಿದು ಕಾದೆ.

ಆ ಸದ್ದೇ ಬರಲಿಲ್ಲ. ಛಾವಣಿ ಒಂದಿಷ್ಟು ತಗ್ಗಿತು, ಡುಂಯ್ ಎಂದಿತು, ಚಕ್ರ ದಾಟಿದ್ದೇ ಮೇಲಕ್ಕೆ ಬಂತು. ಗಾಡಿ ಎರಡನೆಯದನ್ನು ಹತ್ತಿತು. ಡುಂಯ್. ಮೂರನೆಯದು, ನಾಲ್ಕನೆಯದು. ಆಚೆ ಇಳಿಯುವಾಗಿನ ಕುಲುಕಿಗೆ ಒಳಗಿನ ಗಂಟೆ ಟಣ್ ಟಣ್ ಎಂದು ತಾನೇ ಹೊಡೆದುಕೊಂಡಿತು. ಪಡುಬಿದ್ರಿಯಲ್ಲಿ ಜನ ಇಳಿಸಿದ ಬಸ್ಸಿನಂತೆ ಗಾಡಿ ಮುಂದೆ ಹೋಯಿತು. ಆ ದಿನ ಅದು ಪೂರ್ತಿಯಾಗಿ ಜಜ್ಜಿದ್ದು ನಾಲ್ಕು ಲಿಂಬೆಹಣ್ಣುಗಳನ್ನು ಮಾತ್ರ.

ಮೈದಾನದಲ್ಲಿ ಎಲ್ಲೋ ಒಬ್ಬ ನಕ್ಕ. ಆಮೇಲೆ ಎಲ್ಲರೂ. ದೂಮಣ್ಣ ಗಾಡಿ ತಿರುಗಿಸಿ ಇನ್ನೊಮ್ಮೆ ಹತ್ತಿಸಿದರು. ಡುಂಯ್, ಡುಂಯ್, ಟಣ್. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂರನೆಯ ಸಲಕ್ಕೆ ಪಿಸ್ತಾ ಬಣ್ಣದ್ದರ ಬಾನೆಟ್ಟು ಸ್ವಲ್ಪ ಮಡಚಿತು, ಅಷ್ಟೆ. ಖಲ್ಫಾನ್ ನಮ್ಮ ಕಡೆ ತಿರುಗಿ ಎರಡೂ ಅಂಗೈ ಎತ್ತಿದ, ಇನ್ನೇನು ಕೊಡವಬೇಕು.

"ಮುಗೀತು ಅಣ್ಣ," ಎಂದರು ಲೋಲಾಕ್ಷಕ್ಕ. ಪ್ರಣೀತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನನಗೆ ಆ ನಗುವ ಜನರ ಮೇಲೆಲ್ಲ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ನಾನೇ ಬೈದ ಮನುಷ್ಯ, ಬೇರೆಯವರು ನಕ್ಕರೆ ಯಾಕೆ ಅಷ್ಟು ನೋಯಬೇಕು?

ಆಗ ಮುಂದಿನ ಸಾಲಿನಿಂದ ಕೋಲು ಹಿಡಿದ ಮುದುಕನೊಬ್ಬ ಎದ್ದು ನೇರ ಮೈದಾನಕ್ಕೆ ನಡೆದ. ಕೆಂಪು ಕಾರಿನ ಛಾವಣಿಗೆ ಕೋಲಿನಿಂದ ಕುಟ್ಟಿದ. ಬಾಗಿಲು ಎಳೆದ. ತೆರೆಯಿತು! ಮುಚ್ಚಿದ. ಕ್ಲಿಕ್ಕೆಂದು ಕೂತಿತು. ನಂಬಿಕೆ ಬಾರದೆ ಪುನಃ ತೆರೆದು ಮುಚ್ಚಿದ. ಮೂರು ಸಲ ರಾಕ್ಷಸ ಗಾಡಿ ಹತ್ತಿ ಇಳಿದ ಕಾರಿನ ಬಾಗಿಲು! ನೋಡುತ್ತಿದ್ದಂತೆ ಹತ್ತು ಜನ ಓಡಿದರು, ಐವತ್ತು ಜನ ಓಡಿದರು. ಒಬ್ಬ ಬೆನ್ನಡಿಯಾಗಿ ಕೆಳಗೆ ನುಸುಳಿದ, ಇನ್ನೊಬ್ಬ ಕಂಬಗಳನ್ನು ಬಡಿದು ಕಿವಿ ಕೊಟ್ಟ. ನಾನೂ ಹೋದೆ. ಬಿಳಿ ಕಾರಿನ ಬಾಗಿಲ ಸಂದಿಗೆ ಬೆರಳಿಟ್ಟು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅನೌನ್ಸರ್ ಮೈಕು ಹಿಡಿದು ಕಾರುಗಳ ನಡುವೆ ನಿಂತು ಅರಬಿಯಲ್ಲಿ ಏನೋ ಕೂಗಿ ಕೇಳತೊಡಗಿದ. ಶಾಲೆಯಲ್ಲಿ ಅರಬಿ ಕಲಿತ ಪ್ರಣೀತಾ ಮುಖದಿಂದ ಕೈ ತೆಗೆದು ನನ್ನ ಹತ್ತಿರ ಓಡಿ ಬಂದಳು.

"ಅಂಕಲ್! ಹೀ ಈಸ್ ಆಸ್ಕಿಂಗ್, ಹೂ ಫಿಕ್ಸ್‌ಡ್ ದೀಸ್ ಕಾರ್ಸ್?"

ಖಲ್ಫಾನನ ಅಂಗೈಗಳು ಎತ್ತಿದಲ್ಲೇ ನಿಂತವು. ಕೊಡವಬೇಕಾದವು ಎದೆ ತಟ್ಟಿಕೊಂಡವು. ನನ್ನ ಗ್ಯಾರೇಜು, ನನ್ನ ಗ್ಯಾರೇಜು ಎಂದು ಅವನು ಎಲ್ಲರ ಕೈ ಕುಲುಕತೊಡಗಿದ. ಗ್ಯಾರೇಜು ಸರಿ, ಕೈ ಯಾರದು ಎಂದು ಜನ ಕೇಳಿದರು. ಖಲ್ಫಾನ್ ಗಾಡಿಯ ಕಡೆ ಬೆರಳು ತೋರಿಸಿದ. ಜನ ಅತ್ತ ನುಗ್ಗಿದರು.

ಎಂಟಡಿ ಮೇಲೆ, ಎಂಜಿನ್ನಿನ ಗುಡುಗಿನಲ್ಲಿ ಏನೂ ಕೇಳಿಸದ ದೂಮಣ್ಣ, ನೂರಾರು ಜನ ತನ್ನ ಕಡೆ ಓಡಿ ಬರುವುದನ್ನು ಕಂಡರು. ಹೊಡೆಯಲು ಬರುತ್ತಿದ್ದಾರೆಂದು ತಿಳಿದು ಬಾಗಿಲು ಒಳಗಿನಿಂದ ಲಾಕ್ ಮಾಡಿ ಗಾಜು ಏರಿಸಿದರು. ನಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಗಾಜು ಬಡಿದೆ. ನಾಲ್ಕು ಬೆರಳಿನಷ್ಟು ಇಳಿಯಿತು.

"ತುಂಬ ಸಿಟ್ಟಲ್ಲಿದ್ದಾರಾ ಪೊರ್ಬುಲೇ?"

"ಎಂಜಿನ್ ಆಫ್ ಮಾಡಿ ಮಾರಾಯ್ರೆ ಮೊದಲು!"

ಆಫ್ ಮಾಡಿದರು. ಅವರ ಕಣ್ಣು ಕೆಂಪಾಗಿತ್ತು, ಬಿಳಿ ಶರ್ಟಿನ ತೋಳು ಒದ್ದೆಯಾಗಿತ್ತು. "ಖಲ್ಫಾನ್ ಕಟರ್ ರೆಡಿ ಮಾಡು ಅಂದ್ನಾ?"

"ಕಟರೂ ಇಲ್ಲ ಎಂತದೂ ಇಲ್ಲ. ಮುಂದಿನ ವರ್ಷವೂ ಇದನ್ನೇ ತರ್ತೇನೆ ಅಂತ ಆಗಲೇ ಎಲ್ಲರಿಗೂ ಮಾತು ಕೊಟ್ಟಾಗಿದೆ ಅವನು. ಇವರು ಕೇಳ್ತಾ ಇರೋದು ಬೇರೆ. ಆ ಕಾರುಗಳ ಡೆಂಟಿಂಗ್ ಮಾಡಿದ್ದು ಯಾರು ಅಂತ."

ದೂಮಣ್ಣ ಗಾಡಿಯ ವಿಷಯ ಕಿವಿಗೇ ಹಾಕಿಕೊಳ್ಳಲಿಲ್ಲ. "ಯಾರು ಕೇಳಿದ್ದು?"

"ಎಲ್ಲರೂ."

"ನೀವು ಎಂತ ಹೇಳಿದ್ರಿ?"

"ನಾನು ಯಾಕೆ ಹೇಳ್ಬೇಕು? ನೀವೇ ಇಳಿದು ಹೇಳಿ."

ತೋಳಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಇಳಿದರು. ಜನ ದಾರಿ ಬಿಟ್ಟರು. ಅನೌನ್ಸರ್ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ ಮೈಕನ್ನು ಅವರ ಬಾಯಿಗೆ ಹಿಡಿದ. ಗ್ಯಾರೇಜಿಗೆ ಬಂದ ಗಿರಾಕಿಗಳ ಹತ್ತಿರ ಮೂವತ್ತು ವರ್ಷ ಅರಬಿ ಮಾತಾಡಿದ ಮನುಷ್ಯ ಅವರು, ನನ್ನ ಜೊತೆ ಒಂದೊಂದು ಬಂಪರಿಗೆ ಎರಡೆರಡು ತಾಸು ವಾದ ಮಾಡಿದವರು. ಈಗ ಮೈಕನ್ನು ನೋಡಿದರು. ಲೋಲಾಕ್ಷಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಶಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ಎತ್ತುವಂತೆ ಬಲಗೈ ಎತ್ತಿದರು.

"ಅನಾ," ಎಂದರು. ನಾನು.

ಮೊದಲ ಚಪ್ಪಾಳೆ ಮಗಳದ್ದು ಎಂದು ಲೋಲಾಕ್ಷಕ್ಕ ಈಗಲೂ ವಾದಿಸುತ್ತಾರೆ. ಅಲ್ಲ. ನನ್ನದು.